ಮಣ್ಣಿನ ಗುಂಡಿಗೆ

ನಮ್ಮ ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ಗಾಜಿನ ಬಾಗಿಲಿನ ಒಂದು ಕಪಾಟಿದೆ. ಅದರಲ್ಲಿ ಪ್ಲಾಸ್ಟಿಕ್ಕಿನ ಒಂದು ಕಣ್ಣು, ಒಂದು ಕಿವಿ, ಒಂದು ಹಲ್ಲುಸೆಟ್ಟು ಮತ್ತು ಎಡಗೈ ಕಳೆದುಕೊಂಡ ಒಂದು ಅಸ್ಥಿಪಂಜರ ಇವೆ. ನಾನು ವಿಜ್ಞಾನ ಮಾಸ್ತರನಾಗಿ ಇಲ್ಲಿಗೆ ಬಂದಾಗಲೂ ಅವು ಅಲ್ಲಿಯೇ ಇದ್ದವು. ಮಕ್ಕಳು ಮುಟ್ಟಿದರೆ ಹಾಳಾಗುತ್ತವೆಂದು ಕಪಾಟಿಗೆ ಕೀಲಿ ಹಾಕಿರುತ್ತಿದ್ದರು. ಮಕ್ಕಳು ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದರು, ಗಾಜಿನ ಮೇಲೆ ಮೂಗಿನ ಗುರುತುಗಳು ಸಾಲಾಗಿ ಉಳಿಯುತ್ತಿದ್ದವು. ವರ್ಷಕ್ಕೊಮ್ಮೆ ಮಾತ್ರ, ದಸರಾ ರಜೆ ಬಿಡುವ ದಿನ, ಖಂಡೆಪೂಜೆಗೆಂದು ಕೀಲಿ ತೆಗೆಯುತ್ತಿದ್ದರು. ಊರವರು ಕೂರಿಗೆಗೆ, ಟ್ರ್ಯಾಕ್ಟರಿಗೆ, ಹೊಲಿಗೆ ಯಂತ್ರಕ್ಕೆ ಪೂಜೆ ಮಾಡುವಂತೆ ನಮ್ಮ ಶಾಲೆಯ ಸಿಪಾಯಿ ಈ ಕಣ್ಣು ಕಿವಿಗಳನ್ನು ಹೊರಗಿಟ್ಟು, ಒರೆಸಿ, ವಿಭೂತಿ ಎಳೆದು, ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ ಮತ್ತೆ ಒಳಗಿಡುತ್ತಿದ್ದ.

ನಾನು ಬಂದ ಮೊದಲ ವರ್ಷ ಒಬ್ಬ ಹುಡುಗಿ ಪರೀಕ್ಷೆಯಲ್ಲಿ ಕಣ್ಣಿನ ಚಿತ್ರ ತೆಗೆದು, ಭಾಗಗಳನ್ನು ಗುರುತಿಸಿ, ಕಣ್ಣಗುಡ್ಡೆಯ ಮೇಲೆ ಮೂರು ಗೆರೆ ವಿಭೂತಿಯನ್ನೂ ನಡುವೆ ಕೆಂಪು ಬೊಟ್ಟನ್ನೂ ನೀಟಾಗಿ ಬರೆದಿದ್ದಳು. ಅಳತೆಯಲ್ಲಿ ಏನೂ ತಪ್ಪಿರಲಿಲ್ಲ. ಕಪಾಟಿನಲ್ಲಿ ಕಂಡದ್ದನ್ನು ಕಂಡ ಹಾಗೆ ಬರೆದಿದ್ದಳು. ಅಂಕ ಕಳೆಯಲು ಕಾರಣ ಸಿಗಲಿಲ್ಲ, ಆದರೂ ಅರ್ಧ ಅಂಕ ಕಳೆದೆ. ನನ್ನ ಸ್ವಭಾವವೇ ಅಂಥದು.

ನಾನು ಬೈಲಹೊಂಗಲದವನು. ಹೆಂಡತಿಯ ತವರು ಸಿರಸಂಗಿ. ನೌಕರಿ ಕಿತ್ತೂರಿನ ಕಡೆ ಶುರುವಾಗಿ, ಸವದತ್ತಿ ತಾಲೂಕಿನಲ್ಲಿ ಕೆಲಕಾಲ ಸುತ್ತಿ, ಕೊನೆಗೆ ರಾಮದುರ್ಗ ತಾಲೂಕಿನ ಈ ಹಳ್ಳಿಗೆ ಬಂದು ನಿಂತಿತು. ಸುರೇಬಾನದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯಬೇಕಾದ ಊರು. ಹೋದ ಕಡೆಯೆಲ್ಲ ಹೃದಯದ ಪಾಠವನ್ನು ಒಂದೇ ರೀತಿ ಮಾಡಿದೆ. ಹಲಗೆಯ ಮೇಲೆ ಒಂದು ದೊಡ್ಡ ಮಾವಿನಕಾಯಿ ತೆಗೆಯುವುದು, ಅದಕ್ಕೆ ಉದ್ದ ಒಂದು ಗೆರೆ, ಅಡ್ಡ ಒಂದು ಗೆರೆ ಎಳೆಯುವುದು, ಒಂದು ಬದಿಗೆ ನೀಲಿ ಸೀಮೆಸುಣ್ಣ, ಇನ್ನೊಂದು ಬದಿಗೆ ಕೆಂಪು. ಹೃದಯದ ಎಡಭಾಗ ಚಿತ್ರದಲ್ಲಿ ನಮ್ಮ ಬಲಕ್ಕೆ ಬರುತ್ತದೆ. ಇದು ಯಾಕೆ ಎಂದು ಪ್ರತಿ ವರ್ಷ ಯಾರಾದರೂ ಕೇಳುತ್ತಿದ್ದರು. ಪುಸ್ತಕದಲ್ಲಿ ಹಾಗಿದೆ, ಹಾಗೇ ಬರೆಯಿರಿ ಎನ್ನುತ್ತಿದ್ದೆ. ಎರಡನೆಯ ಸಲ ಕೇಳಿದವರಿಗೆ ಬೈಗುಳ ಸಿಗುತ್ತಿತ್ತು.

ಹೃದಯವನ್ನು ನಾನು ನಿಜವಾಗಿ ಕಲಿತದ್ದು ನನ್ನ ಐವತ್ತೇಳನೆಯ ವಯಸ್ಸಿನಲ್ಲಿ. ಒಂದು ಬೆಳಿಗ್ಗೆ ರಾಮದುರ್ಗದ ಬಸ್ ನಿಲ್ದಾಣದಲ್ಲಿ ಎಡತೋಳು ಸೆಳೆದು ಬೆವರಿಳಿಯಿತು. ಸಂಜೆಗೆ ಬೆಳಗಾವಿಯ ಒಂದು ಆಸ್ಪತ್ರೆಯಲ್ಲಿದ್ದೆ. ಮಣಿಕಟ್ಟಿನಿಂದ ತಂತಿ ತೂರಿಸಿ, ಹೃದಯದ ನಾಳದಲ್ಲಿ ಒಂದು ಸ್ಟೆಂಟ್ ಕೂಡಿಸಿದರು. ನಮ್ಮ ಕಡೆ ಜನ ಅದನ್ನು ಸ್ಪ್ರಿಂಗ್ ಎನ್ನುತ್ತಾರೆ. ಬಿಡುಗಡೆಯ ದಿನ ಡಾಕ್ಟರು ಮೇಜಿನ ಮೇಲಿದ್ದ ಪ್ಲಾಸ್ಟಿಕ್ಕಿನ ಹೃದಯವನ್ನು ನನ್ನ ಕೈಗೆ ಕೊಟ್ಟು, "ಬಿಚ್ಚಿ ನೋಡ್ರಿ" ಎಂದರು. ಮೂವತ್ತು ವರ್ಷ ಹೃದಯ ಕಲಿಸಿದವನು ಮೊದಲ ಸಲ ಒಂದು ಹೃದಯವನ್ನು ಬಿಚ್ಚಿದೆ. ಎಡಗೋಡೆ ಬಲಗೋಡೆಗಿಂತ ಎಷ್ಟು ದಪ್ಪ ಎಂಬುದು ಬೆರಳಿಗೆ ತಿಳಿಯಿತು. ಇನ್ನೊಂದು ಸಂಗತಿಯೂ ತಿಳಿಯಿತು. ಒಳಗೆ ಅಷ್ಟು ರಕ್ತ ತುಂಬಿಕೊಂಡಿದ್ದರೂ ಹೃದಯದ ಗೋಡೆಗೆ ಬೇಕಾದ ರಕ್ತ ಹೊರಗಿನ ಸಣ್ಣ ನಾಳಗಳಿಂದಲೇ ಬರಬೇಕು. ಮದುವೆ ಮನೆಯಲ್ಲಿ ಊರಿಗೆಲ್ಲ ಬಡಿಸುವವನಿಗೂ ಊಟಕ್ಕೆ ಬೇರೆ ಯಾರೋ ಕರೆಯಬೇಕಲ್ಲ, ಹಾಗೆ. ಆ ಸಣ್ಣ ನಾಳ ಕಟ್ಟಿದ್ದರಿಂದಲೇ ನಾನು ಅಲ್ಲಿ ಕೂತಿದ್ದೆ. ಇದನ್ನು ನಾನು ಓದಿರಲಿಲ್ಲ ಎಂದಲ್ಲ. ಓದಿದ್ದೆ, ಬರೆಸಿದ್ದೆ, ಅಂಕ ಕೊಟ್ಟಿದ್ದೆ.

ಶಾಲೆಗೆ ಮರಳಿದ ಮೇಲೆ ಎಲ್ಲರಿಗೂ ಗ್ಯಾಸ್ಟ್ರಿಕ್ ಆಗಿತ್ತೆಂದು ಹೇಳಿದೆ. ಮಕ್ಕಳ ಕನಿಕರ ನನಗೆ ಬೇಡವಾಗಿತ್ತು. ಸಿಟ್ಟಿನ ಮಾಸ್ತರನಿಗೆ ಎದೆ ದುರ್ಬಲವೆಂದು ಗೊತ್ತಾದರೆ ಅವನ ಸಿಟ್ಟಿಗೆ ಬೆಲೆ ಇರುವುದಿಲ್ಲ. ತೋಳಿಗೆ ಹೆಂಡತಿ ಕಟ್ಟಿದ ಸಿರಸಂಗಿ ಕಾಳವ್ವನ ದಾರವಿತ್ತು. ಅದನ್ನು ಅಂಗಿಯ ತೋಳಿನೊಳಗೆ ಮುಚ್ಚಿಕೊಂಡೆ.

ಆ ವರ್ಷ ನಿಶ್ಚಯ ಮಾಡಿದೆ, ಬಿಚ್ಚಿ ಜೋಡಿಸಬಹುದಾದ ಒಂದು ದೊಡ್ಡ ಹೃದಯವನ್ನು ಮಾಡಬೇಕು. ರಾಮದುರ್ಗದಲ್ಲಿ ಪ್ರತಿ ವರ್ಷ ತಾಲೂಕಿನ ಶಾಲೆಗಳ ವಿಜ್ಞಾನ ವಸ್ತು ಪ್ರದರ್ಶನ ನಡೆಯುತ್ತದೆ. ಅಲ್ಲಿ ಗೆದ್ದದ್ದು ಜಿಲ್ಲೆಗೆ ಹೋಗುತ್ತದೆ. ಇಷ್ಟು ವರ್ಷದ ನೌಕರಿಯಲ್ಲಿ ನಾನು ಒಯ್ದ ಒಂದು ಮಾದರಿಯೂ ತಾಲೂಕು ದಾಟಿರಲಿಲ್ಲ. ನಿವೃತ್ತಿಗೆ ಹೆಚ್ಚು ದಿನ ಉಳಿದಿರಲಿಲ್ಲ. ಈ ಹೃದಯ ಜಿಲ್ಲೆಗೆ ಹೋಗಬೇಕು, ನನಗೆ ಬೇಕಾದದ್ದು ಅದೊಂದೇ.

ಥರ್ಮಾಕೋಲು ನನಗೆ ಸೇರುವುದಿಲ್ಲ. ಮಣ್ಣಿನಲ್ಲಿ ಮಾಡೋಣ ಎಂದುಕೊಂಡೆ. ಹತ್ತನೆಯ ತರಗತಿಯಲ್ಲಿ ಊರ ಕುಂಬಾರರ ಮನೆಯ ಒಬ್ಬ ಹುಡುಗಿಯಿದ್ದಳು. ಜ್ಯೇಷ್ಠದ ಮಣ್ಣೆತ್ತಿನ ಅಮವಾಸ್ಯೆಗೆ ಊರಿನ ಮನೆಮನೆಗೆ ಹೋಗುವ ಮಣ್ಣಿನ ಎತ್ತುಗಳು, ಚೌತಿಗೆ ಬೇಕಾದ ಗಣಪ್ಪಗಳು ಅವರ ಮನೆಯವೇ. ತರಗತಿಯಲ್ಲಿ ಆಕೆ ಹಿಂದಿನ ಬೆಂಚಿನವಳು. ಉತ್ತರಪತ್ರಿಕೆಯಲ್ಲಿ ಹೆಸರು ಬರೆದು, ಪ್ರಶ್ನೆಗಳನ್ನೇ ಅಂದವಾಗಿ ನಕಲು ಮಾಡಿ, ಸಹಿ ಹಾಕಿ ಕೊಡುತ್ತಿದ್ದಳು. ನಾನು ಆಕೆಯನ್ನು ಕರೆದದ್ದು ಮಣ್ಣಿಗಾಗಿ.

ಆಕೆ ಮಣ್ಣು ತಂದಳು, ಕಲ್ಲು ಆರಿಸಿ, ಬೂದಿ ಮತ್ತು ಸಣ್ಣ ಉಸುಕು ಬೆರೆಸಿ ತುಳಿದು ಹದ ಮಾಡಿದಳು. ನಾನು ಪಕ್ಕದಲ್ಲಿ ನಿಂತು ಹೇಳುತ್ತ ಹೋದೆ. ಇಲ್ಲಿ ಒಂದು ಕೋಣೆ, ಇಲ್ಲೊಂದು ಕೋಣೆ, ನಡುವೆ ಗೋಡೆ. ಎಡಗೋಡೆಯನ್ನು ಬಲಗೋಡೆಯ ಮೂರರಷ್ಟು ದಪ್ಪ ಮಾಡು ಎಂದಾಗ ಆಕೆಯ ಕೈ ನಿಂತಿತು.

"ಹಂಗ ಮಾಡಬಾರದ್ರಿ ಸರ."

"ಯಾಕ?"

"ಒಂದ ಕಡೆ ದಪ್ಪ, ಒಂದ ಕಡೆ ತೆಳುವು ಆದ್ರ ಒಣಗೂವಾಗ ಬಿರೀತೈತ್ರಿ. ಎಲ್ಲಾ ಒಂದ ಸಮ ಇರಬೇಕ್ರಿ."

"ಗುಂಡಿಗಿ ಹಂಗ ಇರೂದಿಲ್ಲ. ಬಲಗಡೆದು ಬಾಜೂಕಿನ ಪುಪ್ಪುಸಕ್ಕ ಅಷ್ಟ ರಕ್ತ ನೂಕತೈತಿ. ಎಡಗಡೆದು ನೆತ್ತಿಯಿಂದ ಅಂಗಾಲತನಾ ನೂಕಬೇಕು. ಅದಕ್ಕ ದಪ್ಪ."

ಆಕೆ ಎರಡೂ ಗೋಡೆಗಳನ್ನು ಬೆರಳಿನಿಂದ ಒತ್ತಿ ನೋಡಿದಳು. ಆಮೇಲೆ, "ಹಂಗಿದ್ರ ಹಸಿ ಗೋಣಿಚೀಲ ಮುಚ್ಚಿ ಸಾವಕಾಶ ಒಣಗಸಬೇಕ್ರಿ. ಗಡಬಡಿ ಮಾಡಿದ್ರ ಎಡಗಡೆನ ಬಿರೀತೈತಿ" ಎಂದಳು. ಈ ಮಾತು ಎಲ್ಲೋ ಕೇಳಿದ್ದೇನಲ್ಲ ಎನ್ನಿಸಿತು. ಬೆಳಗಾವಿಯ ಡಾಕ್ಟರೂ ಗಡಿಬಿಡಿ ಮಾಡಬೇಡಿ ಎಂದೇ ಹೇಳಿ ಕಳಿಸಿದ್ದರು.

ಹದಿನೈದು ದಿನದಲ್ಲಿ ಹೃದಯ ಎದ್ದಿತು. ಎರಡು ಭಾಗ, ನಡುವೆ ಬಿಚ್ಚಬಹುದು. ಒಳಗೆ ನಾಲ್ಕು ಕೋಣೆ, ಕವಾಟಗಳು, ಹೊರಮೈಗೆ ಬಳ್ಳಿಯಂತೆ ಹಬ್ಬಿದ ಸಣ್ಣ ನಾಳಗಳು. ಒಂದು ಮಧ್ಯಾಹ್ನ ಅರ್ಧ ಹೃದಯವನ್ನು ಆಕೆ ತನ್ನ ಎದೆಗೆ ಹಿಡಿದು ತರಗತಿಗೆ ತಿರುಗಿ ನಿಂತಳು. ಅದರ ಎಡ ಆಕೆಯ ಎಡಕ್ಕಿತ್ತು, ನಮಗೆ ಬಲಕ್ಕೆ ಕಾಣುತ್ತಿತ್ತು. ಮೂವತ್ತು ವರ್ಷ ಬೈದು ಮುಚ್ಚಿದ್ದ ಪ್ರಶ್ನೆ ಅಷ್ಟರಲ್ಲಿ ಮುಗಿಯಿತು. ಪ್ರದರ್ಶನದಲ್ಲಿ ಮಾದರಿಯ ಪಕ್ಕದಲ್ಲಿ ನಿಂತು ವಿವರಿಸುವವಳು ನೀನೇ ಎಂದು ಆಕೆಗೆ ಹೇಳಿದೆ. ಆಕೆ ಮೊದಲು ಹಿಂದೆ ತಿರುಗಿ ನೋಡಿದಳು, ಬೇರೆ ಯಾರಿಗೋ ಹೇಳಿದೆನೇನೋ ಎಂದು.

ಉಳಿದದ್ದು ಸುಡುವುದು. ಆದರೆ ಚೌತಿ ಹತ್ತಿರ ಬಂದಿತ್ತು, ಆಕೆಯ ಮನೆಯಲ್ಲಿ ಎಲ್ಲರ ಕೈಯೂ ಗಣಪ್ಪನ ಮೇಲಿತ್ತು. ಹಬ್ಬ ಮುಗಿದ ಮೇಲೆ ಮಡಕೆ ಸುಡುವ ಆವಿಗೆ ಹಚ್ಚಿದಾಗ ಗಡಿಗೆಗಳ ಜೊತೆ ಇದನ್ನೂ ಸುಡುವುದೆಂದು ಮಾತಾಯಿತು. ಹೃದಯವನ್ನು ಪ್ರಯೋಗಾಲಯದ ಮೇಜಿನ ಮೇಲೆ ಹಲಗೆಯಲ್ಲಿಟ್ಟು, ಹಸಿ ಚೀಲ ಮುಚ್ಚಿ, ಯಾರೂ ಅಲುಗಿಸಬಾರದೆಂದು ಸಿಪಾಯಿಗೆ ತಾಕೀತು ಮಾಡಿ ನಾನು ರಜೆ ಹಾಕಿದೆ. ಬೈಲಹೊಂಗಲದ ಮನೆಯಲ್ಲಿ ಹಬ್ಬ, ಅದರ ಬೆನ್ನಿಗೆ ಬೆಳಗಾವಿಯಲ್ಲಿ ತಪಾಸಣೆ. ಆರು ದಿನ ಊರಲ್ಲಿರಲಿಲ್ಲ.

ಏಳನೆಯ ದಿನ ಬಂದು ಪ್ರಯೋಗಾಲಯದ ಬಾಗಿಲು ತೆಗೆದರೆ ಮೇಜು ಖಾಲಿ. ಮೇಜಿನ ಮೇಲೆ ಅಕ್ಕಿಕಾಳು, ಒಣಗಿದ ಗರಿಕೆ, ಎಣ್ಣೆಯ ಕಲೆ. ಸಿಪಾಯಿಯನ್ನು ಕೂಗಿದೆ.

"ಇಲ್ಲಿದ್ದದ್ದು ಎಲ್ಲಿ?"

"ಕಳಿಸಿದ್ವಿರಿ ಸರ."

"ಯಾರನ್ನ?"

"ಗಣಪ್ಪನ್ನ. ಮತ್ತ ಗುಂಡಿಗೀನ."

ಆತ ಹೇಳಿದ್ದರಲ್ಲಿ ಅವನಿಗೆ ಯಾವ ತಪ್ಪೂ ಕಾಣುತ್ತಿರಲಿಲ್ಲ. ಶಾಲೆಯ ಗಣಪ್ಪನನ್ನು ಕೂಡಿಸಲು ದೊಡ್ಡ ಮೇಜಿರುವುದು ಪ್ರಯೋಗಾಲಯದಲ್ಲಿ ಮಾತ್ರ. ಹೃದಯವನ್ನು ಅಲುಗಿಸಬಾರದೆಂದು ನಾನೇ ಹೇಳಿದ್ದೆ, ಆತ ಅಲುಗಿಸಲಿಲ್ಲ. ಗಣಪ್ಪನನ್ನು ಅದರ ಮಗ್ಗುಲಿಗೆ ಕೂಡಿಸಿದ. ದೇವರ ಪಕ್ಕ ಹಸಿ ಗೋಣಿಚೀಲ ಚಂದ ಕಾಣುವುದಿಲ್ಲವೆಂದು ಚೀಲ ತೆಗೆದ. ದೇವರ ಮೇಜಿನ ಮೇಲೆ ಇದ್ದದ್ದಕ್ಕೆಲ್ಲ ಪೂಜೆ ಸಲ್ಲಬೇಕಲ್ಲ, ಹೃದಯಕ್ಕೂ ವಿಭೂತಿ ಎಳೆದು ಕುಂಕುಮ ಹಚ್ಚಿದ. ಐದು ದಿನ ಅದಕ್ಕೆ ಎರಡು ಹೊತ್ತು ಆರತಿ, ಕಡುಬಿನ ನೈವೇದ್ಯ. ನನ್ನ ಹೃದಯಕ್ಕೆ ಡಾಕ್ಟರು ಬೇಡವೆಂದದ್ದನ್ನೆಲ್ಲ ಆ ಹೃದಯಕ್ಕೆ ತಿನ್ನಿಸಿದ್ದರು. ಐದನೆಯ ದಿನ ಗಣಪ್ಪನ ಹಿಂದೆ ಅದೂ ಹಳ್ಳಕ್ಕೆ ಹೋಗಿ ಕರಗಿತು.

"ನಿನಗ ಬುದ್ಧಿ ಬ್ಯಾಡಾ? ಅದು ದೇವರೇನು?"

"ನಾ ಸುಮ್ನಿದ್ದೆರಿ ಸರ. ಆ ಕುಂಬಾರ್ರ ಹುಡುಗೀನ ಬಂದು, ಪೂಜಿ ಆದ ಹಸಿಮಣ್ಣ ಇಡಬಾರದು ಕಾಕಾ, ಇದನ್ನೂ ಕಳಸಬೇಕು ಅಂದ್ಲು. ನನಗೂ ಖರೆ ಅನ್ನಿಸ್ತು. ತಾನ ಹೊತ್ಕೊಂಡ ಹೋಗಿ ಬಿಟ್ಲು."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ಪ್ರದರ್ಶನಕ್ಕೆ ಇಪ್ಪತ್ತೆರಡು ದಿನ ಉಳಿದಿತ್ತು. ನಾನು ನೇರ ತರಗತಿಗೆ ಹೋಗಿ ಆಕೆಯನ್ನು ಎಬ್ಬಿಸಿ ನಿಲ್ಲಿಸಿದೆ.

"ಯಾಕ ಹಂಗ ಮಾಡಿದಿ?"

"ಪೂಜಿ ಆಗಿತ್ರಿ ಸರ."

"ಪೂಜಿ ಆದ್ರ ಏನಾತು? ಖಂಡೇಪೂಜಿ ಮಾಡಿದ ಟ್ರ್ಯಾಕ್ಟರ್ ಹಳ್ಳಕ್ಕ ನೂಕತಾರೇನು?"

ತರಗತಿ ನಕ್ಕಿತು. ಆಕೆ ತಲೆ ಎತ್ತದೆ, "ಅದು ಕಬ್ಬಣರಿ ಸರ. ಇದು ಮಣ್ಣ" ಎಂದಳು.

ಉತ್ತರ ಸರಿಯಾಗಿತ್ತು, ಅದಕ್ಕೇ ನನ್ನ ಸಿಟ್ಟು ಹೆಚ್ಚಾಯಿತು. ವಿಜ್ಞಾನ, ಮೂಢನಂಬಿಕೆ, ಇಪ್ಪತ್ತೊಂದನೆಯ ಶತಮಾನ ಎಂದು ಬಾಯಿಗೆ ಬಂದದ್ದನ್ನೆಲ್ಲ ಹೇಳಿದೆ. ಹೇಳುವಾಗ ಕೈ ಎತ್ತಿದ್ದರಿಂದ ತೋಳಿನೊಳಗಿನ ದಾರ ಕೆಳಗೆ ಜಾರಿತು. ಅದನ್ನು ಒಳಗೆ ತಳ್ಳಿಕೊಂಡು ಮತ್ತೆ ಹೇಳಿದೆ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಕೊನೆಗೆ, "ನನ್ನ ಪಾಠಕ್ಕ ಇನ್ನ ಕುಂಡ್ರಬ್ಯಾಡ. ಹೊರಗ ನಡಿ" ಎಂದೆ. ಆಕೆ ಚೀಲ ತೆಗೆದುಕೊಂಡು ಹೋದಳು. ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಬರದಿದ್ದರೆ ಬಿಡಲಿ ಎಂದುಕೊಂಡೆ.

ತರಗತಿಗೆ ಮೊದಲಿಗಳಾದ ಹುಡುಗಿಗೆ ಕೆಲಸ ವಹಿಸಿದೆ. ಪಾಠವನ್ನು ಒಂದು ಅಕ್ಷರ ಬಿಡದೆ ಒಪ್ಪಿಸಬಲ್ಲವಳು. ಮಣ್ಣು ಕೊಟ್ಟು ಹೃದಯ ಮಾಡು ಎಂದೆ. ಮೂರು ದಿನಕ್ಕೆ ಒಂದು ದೊಡ್ಡ ಬದನೆಕಾಯಿ ತಯಾರಾಯಿತು. ಹೊರಗೆ ಬಹಳ ಚಂದ, ಬಣ್ಣ, ಬಾಣದ ಗುರುತು, ಹೆಸರಿನ ಚೀಟಿ ಎಲ್ಲ ಇದ್ದವು. ಒಳಗೆ ಗಟ್ಟಿ ಮಣ್ಣು. "ಕೋಣಿ ಎಲ್ಲಿ ಅದಾವು?" ಎಂದು ಕೇಳಿದೆ. "ಒಳಗ ಅದಾವ್ರಿ ಸರ" ಎಂದು ಚೀಟಿ ತೋರಿಸಿದಳು. ಆಕೆಯನ್ನು ಬೈಯಲಾಗಲಿಲ್ಲ. ನಾನು ಮೂವತ್ತು ವರ್ಷ ಕಲಿಸಿದ್ದೂ ಅಷ್ಟೇ.

ನಾನೇ ಕೂತೆ. ಎರಡು ಸಲ ಗೋಡೆ ಎಬ್ಬಿಸಿದೆ, ಎರಡು ಸಲವೂ ಕುಸಿಯಿತು. ಮೂರನೆಯದು ನಿಂತಿತು, ಬೆಳಗಾಗುವಷ್ಟರಲ್ಲಿ ಎಡಗಡೆ ಬಿರಿದಿತ್ತು. ಆಗ ನನಗೆ ಒಂದು ಮಾತು ಹೊಳೆಯಿತು. ಮೊದಲಿನ ಹೃದಯವನ್ನು ನಾನು ಮಾಡಿದೆ ಎಂದು ಹೆಡ್‌ಮಾಸ್ತರರಿಂದ ಹಿಡಿದು ಹೆಂಡತಿಯವರೆಗೆ ಎಲ್ಲರಿಗೂ ಹೇಳಿಕೊಂಡಿದ್ದೆ. ಹೀಗೆ ಮಾಡು ಎಂದು ನಾನು ಹೇಳಿದ್ದೆ, ಅಷ್ಟೇ. ಮಾಡಿದವಳು ಆಕೆ. ಆಕೆಗೆ ಗೊತ್ತಿದ್ದದ್ದನ್ನು ಬರೆಯಲು ನನ್ನ ಪ್ರಶ್ನೆಪತ್ರಿಕೆಯಲ್ಲಿ ಜಾಗವಿರಲಿಲ್ಲ.

ಶಾಲೆ ಬಿಟ್ಟ ಮೇಲೆ ಕುಂಬಾರರ ಮನೆಗೆ ಹೋದೆ. ಮಣ್ಣು ಕೇಳಲು ಹೋಗುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಅಂಗಳದಲ್ಲಿ ಆಕೆಯ ತಾಯಿ ಹಸಿ ಗಡಿಗೆಯನ್ನು ಹಲಗೆಯಿಂದ ತಟ್ಟುತ್ತಿದ್ದಳು. ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡು ಎದ್ದಳು.

"ಬರ್ರಿ ಸರ, ಕುಂಡರ್ರಿ. ಆರಾಮ ಅದೀರಿಲ್ರಿ?"

"ಆರಾಮ ಅದೇನಿ. ನಿಮ್ಮ ಮಗಳು ಸಾಲಿಗೆ ಬರವಲ್ಲಳು."

"ನೀವ ಬ್ಯಾಡ ಅಂದೀರಂತಲ್ರಿ."

ತಾಯಿ ಒಂದು ತಂಬಿಗೆ ನೀರು ತಂದು ಮುಂದಿಟ್ಟಳು. ಹೇಳಬೇಕೋ ಬೇಡವೋ ಎಂಬಂತೆ ಹೇಳಿದಳು.

"ಸಿಟ್ಟಾಗಬ್ಯಾಡ್ರಿ ಸರ. ಪೂಜಿ ಆದ ಹಸಿಮಣ್ಣನ್ನ ನಮ್ಮೊಳಗ ಬೆಂಕಿಗೆ ಹಾಕೂದಿಲ್ರಿ, ಒಣಗಾಕೂ ಬಿಡೂದಿಲ್ರಿ. ಅದು ಬಿರಕ ಬಿಡೂದರೊಳಗ ನೀರಿಗೆ ಕೊಡಬೇಕ್ರಿ. ನಮ್ಮ ಹುಡುಗಿ ಹೋಗಿ ನೋಡಿದ್ರ, ಆ ಗುಂಡಿಗಿ ಎಡಗಡೆ ಬಿರ್ಯಾಕ ಹತ್ತಿತ್ತಂತ. ನೀವು ನೋಡಿದ್ರ ಬೆಳಗಾವಿ ದವಾಖಾನಿಗೆ ಹೋಗೀರಿ. ನಿಮಗ ಸ್ಪ್ರಿಂಗ ಹಾಕ್ಯಾರಲ್ರಿ. ಅದು ಬಿರದ್ರ ನಮ್ಮ ಸರಗ ಏನಾರ ಆಗತೈತಿ ಅಂತ ಗಾಬರಿಯಾಗಿ ಮನಿಗೆ ಓಡಿ ಬಂದ್ಲರಿ. ಅವ್ವಾ, ಕಳಿಸಿದ್ರ ಸರ ಬಡೀತಾರು, ಇಟ್ರ ಸರ ಉಳ್ಯೂದಿಲ್ಲ, ಏನ ಮಾಡ್ಲಿ ಅಂದ್ಲು. ಬಡಿಸ್ಕೊ ಅಂತ ನಾನ ಹೇಳಿದೆರಿ."

ಸ್ಪ್ರಿಂಗಿನ ವಿಷಯ ನಿಮಗೆ ಯಾರು ಹೇಳಿದರು ಎಂದು ಕೇಳಿದೆ. "ಊರಿಗೆಲ್ಲ ಗೊತ್ತೈತ್ರಿ" ಎಂದಳು. ನನ್ನ ಗ್ಯಾಸ್ಟ್ರಿಕ್ಕನ್ನು ಇಡೀ ಊರು ನನ್ನ ಮರ್ಯಾದೆಗಾಗಿ ನಂಬಿದಂತೆ ಮಾಡಿತ್ತು.

ನನಗೆ ನಾಚಿಕೆಯಾಯಿತು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ನಾನು ಜಿಲ್ಲೆಗೆ ಕಳಿಸಬೇಕೆಂದಿದ್ದ ಒಂದು ವಸ್ತುವನ್ನು ಆ ಹುಡುಗಿ ನಾನು ಬದುಕಲಿ ಎಂದು ನೀರಿಗೆ ಬಿಟ್ಟಿದ್ದಳು. ತಾನು ಮಾಡಿದ್ದನ್ನು, ತನ್ನ ಕೈಯಾರೆ, ಬೈಗುಳ ಬೀಳುತ್ತದೆಂದು ಗೊತ್ತಿದ್ದೂ. ತರಗತಿಯಲ್ಲಿ ನಾನು ಕೇಳಿದಾಗ ಈ ಕಾರಣವನ್ನು ಹೇಳಬಹುದಿತ್ತು. ಹೇಳಿದ್ದರೆ ನಲವತ್ತು ಮಕ್ಕಳ ಎದುರು ನನ್ನ ಗುಟ್ಟು ಹೊರಬೀಳುತ್ತಿತ್ತು. ಅದಕ್ಕೇ ಪೂಜೆಯ ಮಾತಷ್ಟನ್ನೇ ಹೇಳಿ ಬೈಸಿಕೊಂಡಿದ್ದಳು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ಮಕ್ಕಳಿಗೆ ಎಷ್ಟೋ ಸಲ ಬರೆಸಿದ್ದೇನೆ.

ಬಾಗಿಲ ಹಿಂದೆ ಆಕೆ ನಿಂತದ್ದು ಕಾಣುತ್ತಿತ್ತು. ಕ್ಷಮೆ ಕೇಳುವ ರೂಢಿ ನನಗಿಲ್ಲ, ನಮ್ಮ ಕಾಲದ ಮಾಸ್ತರರಿಗೆ ಅದನ್ನು ಯಾರೂ ಕಲಿಸಲಿಲ್ಲ. "ತಂಗಿ, ನಾಳಿ ಮಣ್ಣ ತೊಗೊಂಡ ಸಾಲಿಗೆ ಬಾ" ಎಂದೆ.

ಬಾಗಿಲ ಹಿಂದಿನಿಂದ ಉತ್ತರ ಬಂತು. "ಇಲ್ಲೇ ಮಾಡತೇನ್ರಿ ಸರ. ಸಾಲ್ಯಾಗ ಗಾಳಿ ಭಾಳ. ಲಗೂನ ಒಣಗತೈತಿ."

ಆಮೇಲಿನ ನಾಲ್ಕು ದಿನ ಹತ್ತನೆಯ ತರಗತಿಯ ವಿಜ್ಞಾನದ ಪಾಠ ಕುಂಬಾರರ ಅಂಗಳದಲ್ಲಿ ನಡೆಯಿತು. ಹೆಡ್‌ಮಾಸ್ತರರಿಗೆ ಹೊರಸಂಚಾರ ಎಂದು ಬರೆದುಕೊಟ್ಟೆ. ಹುಡುಗಿ ಹೃದಯ ಕಟ್ಟಿದಳು, ಉಳಿದವರು ಸುತ್ತ ಕೂತು ತಮ್ಮ ತಮ್ಮ ಹೃದಯಗಳನ್ನು ಮಾಡಿ ಕೆಡಿಸಿದರು. ಮೊದಲಿಗಳಾದ ಹುಡುಗಿ ಬದನೆಕಾಯಿಯನ್ನು ಮುರಿದು ಒಳಗೆ ಕೋಣೆ ಕೊರೆಯುತ್ತ, ಎಡಗೋಡೆಗೆ ಎಷ್ಟು ದಪ್ಪ ಬಿಡಲಿ ಎಂದು ಹಿಂದಿನ ಬೆಂಚಿನವಳನ್ನು ಕೇಳಿದಳು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ನಾನು ಕಟ್ಟೆಯ ಮೇಲೆ ಕೂತು ಚಹಾ ಕುಡಿದೆ. ಹಾಗೆ ಸುಮ್ಮನೆ ಕೂತಿರುವುದು ಅಷ್ಟು ಕಷ್ಟವೆಂದು ತಿಳಿದಿರಲಿಲ್ಲ.

ಹೃದಯ ಚೀಲದಡಿ ಸಾವಕಾಶ ಒಣಗಿತು, ಬಿರಿಯಲಿಲ್ಲ. ಆವಿಗೆಯಲ್ಲಿ ಗಡಿಗೆಗಳ ನಡುವೆ ಸುಟ್ಟು, ಹೊರಗೆ ಬಂದಾಗ ಕೆಂಪಗೆ, ಬೆರಳಿಂದ ಬಡಿದರೆ ಠಣ್ ಎನ್ನುತ್ತಿತ್ತು. ನೀಲಿ ಬಣ್ಣ ಹಚ್ಚಲೇ ಎಂದು ಕೇಳಿದೆ. "ರಕ್ತ ನೀಲಿ ಇರತೈತೇನ್ರಿ ಸರ?" ಎಂದಳು. ಇಲ್ಲ, ತಿಳಿಯಲಿ ಎಂದು ಹಚ್ಚುತ್ತಾರೆ ಎಂದೆ. "ಹಂಗಿದ್ರ ಬ್ಯಾಡ ಬಿಡ್ರಿ" ಎಂದಳು. ಬಿಟ್ಟೆ.

ರಾಮದುರ್ಗದ ಪ್ರದರ್ಶನದಲ್ಲಿ ನಮಗೆ ಒಂದು ಮೂಲೆಯ ಮೇಜು ಸಿಕ್ಕಿತು. ತೀರ್ಪುಗಾರರು ಇಬ್ಬರು ಬಂದರು. ಆಕೆ ಅರ್ಧ ಹೃದಯವನ್ನು ಎದೆಗೆ ಹಿಡಿದು, ರಕ್ತ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ಬೆರಳು ಆಡಿಸುತ್ತ ಹೇಳಿದಳು. ಪುಸ್ತಕದ ಮಾತು ಒಂದೂ ಇರಲಿಲ್ಲ, ತಪ್ಪೂ ಒಂದಿರಲಿಲ್ಲ. ಒಬ್ಬರು ಕನ್ನಡಕ ಸರಿಮಾಡಿಕೊಂಡು ಹೊರಮೈಯ ನಾಳದ ಹತ್ತಿರ ಬಗ್ಗಿದರು.

"ಇದೇನಿದು, ಬಾಲ್‌ಪೆನ್ನಿನ ಸ್ಪ್ರಿಂಗ್?"

ನಾನೂ ಆಗಲೇ ನೋಡಿದ್ದು. ಸಣ್ಣ ನಾಳದ ತೋಡಿನಲ್ಲಿ ಪೆನ್ನಿನ ಸ್ಪ್ರಿಂಗಿನ ಒಂದು ತುಂಡನ್ನು ಆಕೆ ಅರಗು ಹಚ್ಚಿ ಕೂಡಿಸಿದ್ದಳು.

"ಹೌದ್ರಿ ಸರ. ಈ ನಾಳ ಕಟ್ಟಿತಂದ್ರ ಹಿಂಗ ಹಾಕತಾರ್ರಿ."

"ಪಠ್ಯಪುಸ್ತಕದೊಳಗ ಐತೇನು ಇದು?"

"ಇಲ್ರಿ."

"ಮತ್ತ ಎಲ್ಲಿ ನೋಡಿದಿ?"

ಆಕೆ ನನ್ನತ್ತ ತಿರುಗಲಿಲ್ಲ. "ಹಾಕಿಸ್ಕೊಂಡವರು ಆರಾಮ ಇರತಾರಂತ ಕೇಳೇನ್ರಿ" ಎಂದಷ್ಟೇ ಹೇಳಿದಳು.

ಅವರು ಹಾಳೆಯಲ್ಲಿ ಏನೋ ಬರೆದುಕೊಂಡು, ಬಲಭಾಗಕ್ಕೆ ನೀಲಿ ಬಣ್ಣ ಯಾಕಿಲ್ಲ ಎಂದು ನನ್ನನ್ನು ಕೇಳಿ ಮುಂದೆ ಹೋದರು. ಜಿಲ್ಲೆಗೆ ಆಯ್ಕೆಯಾದದ್ದು ಥರ್ಮಾಕೋಲಿನ ಒಂದು ಜ್ವಾಲಾಮುಖಿ. ಅಡಿಗೆ ಸೋಡಾ ಹಾಕಿದರೆ ಉಕ್ಕುತ್ತಿತ್ತು. ನನಗೆ ಬೇಸರವಾಯಿತು, ಸುಳ್ಳು ಹೇಳುವುದಿಲ್ಲ. ಬಸ್ಸಿನ ತುಂಬ ಬೇಸರಪಟ್ಟೆ. ಆಕೆ ಮಾತ್ರ ಹೃದಯವನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸು ಕುಣಿದಾಗಲೆಲ್ಲ ಎರಡೂ ಕೈಯಿಂದ ಹಿಡಿದು, ಸುರೇಬಾನ ಬರುವವರೆಗೆ ಕಿಟಕಿಯ ಹೊರಗೆ ಸಹ ನೋಡಲಿಲ್ಲ.

ಹೃದಯವನ್ನು ಕಪಾಟಿನ ನಡುವಿನ ಅರೆಯಲ್ಲಿ ಇಟ್ಟೆವು. ಅಂದಿನಿಂದ ಕಪಾಟಿಗೆ ಕೀಲಿ ಹಾಕುವುದನ್ನು ಬಿಟ್ಟೆ.

ದಸರಾ ರಜೆ ಬಿಡುವ ದಿನ ಎಂದಿನಂತೆ ಖಂಡೆಪೂಜೆ. ಸಿಪಾಯಿ ತಟ್ಟೆ ಹಿಡಿದು ಪ್ರಯೋಗಾಲಯಕ್ಕೆ ಬಂದ. ಹತ್ತನೆಯ ತರಗತಿಯವರು ಬಾಗಿಲಲ್ಲಿ ಗುಂಪಾಗಿ ನಿಂತಿದ್ದರು. ಆತ ಸೂಕ್ಷ್ಮದರ್ಶಕಕ್ಕೆ, ಭೂಗೋಳಕ್ಕೆ, ಕಣ್ಣಿಗೆ, ಕಿವಿಗೆ, ಕೈಯಿಲ್ಲದ ಅಸ್ಥಿಪಂಜರದ ಹಣೆಗೆ ಕುಂಕುಮ ಹಚ್ಚುತ್ತ ಬಂದು ನಡುವಿನ ಅರೆಗೆ ಬೆರಳು ನೀಡಿದ. ಗುಂಪಿನಿಂದ ಆಕೆ ಓಡಿ ಬಂದು ಹೃದಯದ ಮೇಲೆ ಅಂಗೈ ಮುಚ್ಚಿದಳು.

"ಇದಕ್ಕ ಹಚ್ಚಬ್ಯಾಡ್ರಿ ಕಾಕಾ."

"ಯಾಕವಾ? ಇದನ್ನ ಸುಟ್ಟೀರಲ್ಲ."

"ಸುಟ್ರೂ ಮಣ್ಣ ಮಣ್ಣರಿ. ಪೂಜಿ ಆದ್ರ ಮತ್ತ ಕಳಸಬೇಕನಸ್ತೈತಿ. ಇದು ಇರಬೇಕ್ರಿ."

ಸಿಪಾಯಿ ನನ್ನ ಮುಖ ನೋಡಿದ. ಮಾದರಿಗಳಿಗೆ ಕುಂಕುಮ ಹಚ್ಚಬೇಡಿ ಎಂದು ಈ ಶಾಲೆಯಲ್ಲಿ ವರ್ಷಗಟ್ಟಲೆ ಭಾಷಣ ಮಾಡಿದವನು ನಾನು. ನನ್ನ ಮಾತನ್ನು ಒಬ್ಬರೂ ಕೇಳಿರಲಿಲ್ಲ. "ಆಕಿ ಹೇಳಿದಂಗ ಮಾಡು" ಎಂದೆ.

ಕುಂಕುಮ ಅದ್ದಿಕೊಂಡ ಬೆರಳನ್ನು ಸುಮ್ಮನೆ ಹಿಂದೆ ತೆಗೆಯಲು ಸಿಪಾಯಿಗೆ ಮನಸ್ಸಾಗಲಿಲ್ಲ. ಪ್ರತಿ ವರ್ಷ ಕೊನೆಗೆ ಮಾಸ್ತರರ ಹಣೆಗೆ ಹಚ್ಚುವುದು ರೂಢಿ. ಆತ ನನ್ನ ಹತ್ತಿರ ಬಂದು ಬೆರಳನ್ನು ಹಣೆಗೆ ಎತ್ತಿದ.

"ಸರಗೂ ಬ್ಯಾಡ್ರಿ, ಕಾಕಾ" ಎಂದಳು ಆಕೆ.

ಹುಡುಗರು ನಕ್ಕರು. ಆಕೆ ನಗಲಿಲ್ಲ, ಹೃದಯದ ಮೇಲಿನ ಕೈಯನ್ನೂ ತೆಗೆಯಲಿಲ್ಲ. ಸಿಪಾಯಿ ಬೆರಳನ್ನು ತನ್ನ ಹಣೆಗೆ ಒರೆಸಿಕೊಂಡ.